ಅಮಾವಾಸ್ಯೆಯ ಎಪ್ಪತ್ತು ಕಿಲೋವ್ಯಾಟ್

"ಅಕ್ಕಾ, ನಿನಗ ಅರವತ್ತು ತುಂಬೋದ್ರೊಳಗ ನೀ ರಾತ್ರಿ ಏಳೋದು ಬಿಡಸ್ತೇನಿ" ಎಂದು ಮಹಾನಂದಾ ಮಾತು ಕೊಟ್ಟಾಗ ಅವಳಿಗೆ ಹದಿನೇಳು, ಅಕ್ಕ ಕಾಶವ್ವನಿಗೆ ಮೂವತ್ತಾರು. ಎಲೆಕ್ಟ್ರಿಕಲ್ ಡಿಪ್ಲೊಮಾ ಓದಲು ಬಾಗಲಕೋಟೆಯ ಬಸ್ಸು ಹತ್ತುವ ಹೊತ್ತು. ತಾಯಿಯಿಲ್ಲದ ತಂಗಿಯನ್ನು ಮಗಳಂತೆ ಬೆಳೆಸಿದ್ದ ಕಾಶವ್ವ ಆ ಮಾತಿಗೆ ನಕ್ಕು, ಮೊದಲು ಕಿಟಕಿ ಪಕ್ಕದ ಸೀಟು ಹಿಡಿ, ನನ್ನ ನಿದ್ದೆಯ ಚಿಂತೆ ಆಮೇಲೆ ಮಾಡುವೆಯಂತೆ ಎಂದಿದ್ದಳು. ಬಸ್ಸು ತಿರುವು ದಾಟುವ ಮೊದಲೇ ಅವಳು ಮರೆತಿರಬೇಕು. ಮಹಾನಂದಾ ಮರೆಯಲಿಲ್ಲ.

ಹಾಸಗಲ್ಲು ಎಂಬ ಊರಿನ ನೇಕಾರರ ಓಣಿಯಲ್ಲಿ ರಾತ್ರಿ ಏಳುವುದೆಂದರೆ ನೀರು ಕುಡಿಯಲು ಏಳುವುದಲ್ಲ. ವಿದ್ಯುತ್ ಮಗ್ಗ ತಿರುಗಲು ಬೇಕಾದ ಮೂರು ಫೇಸ್ ಕರೆಂಟು ಆ ಊರಿಗೆ ರಾತ್ರಿ ಒಂದಕ್ಕೆ ಬಂದು ಬೆಳಗಿನ ಆರಕ್ಕೆ ಹೋಗುತ್ತಿತ್ತು. ಹಗಲಿನದೆಲ್ಲ ದೊಡ್ಡ ಶಹರಗಳಿಗೆ ಮೀಸಲು. ಊರಿಗೆ ಉಳಿಯುವುದು ದೀಪ, ಫ್ಯಾನು ಮತ್ತು ಒಂದು ಒಲೆಗೆ ಸಾಕಾಗುವ ಬಡಕಲು ಕರೆಂಟು. ಹಾಗಾಗಿ ನೂರಾ ಅರವತ್ತು ಮನೆಗಳ ನೂರಾ ಅರವತ್ತು ಮಗ್ಗಗಳು ನಡುರಾತ್ರಿಯಲ್ಲಿ ಒಮ್ಮೆಲೇ ಖಟಖಟ ಎನ್ನುತ್ತಿದ್ದವು. ಹೆಂಗಸರು ಕಣ್ಣುಜ್ಜಿಕೊಂಡು ಎದ್ದು ನೇಯುತ್ತಿದ್ದರು, ಹಗಲು ಅಡುಗೆ, ಮಕ್ಕಳು, ನೂಲು ಸುತ್ತುವುದು. ಈ ಪಾಳಿಯನ್ನು ತಪ್ಪಿಸುತ್ತೇವೆಂದು ದಿಲ್ಲಿಯಿಂದ ಮೂರು ಯೋಜನೆಗಳು ಹೊರಟಿದ್ದವು. ಮೂರಕ್ಕೂ ಹೆಸರು ಬರೆದ ಫಲಕಗಳು ಮಾತ್ರ ಬಂದವು. ಮೊದಲನೆಯ ಫಲಕದ ತಗಡಿನಿಂದ ಯಾರೋ ಕೋಳಿಗೂಡಿಗೆ ಬಾಗಿಲು ಮಾಡಿಕೊಂಡಿದ್ದರು. ಮೂರರಲ್ಲಿ ಜನರಿಗೆ ಉಪಯೋಗವಾದದ್ದು ಅದೊಂದೇ.

ಡಿಪ್ಲೊಮಾ ಮುಗಿಸಿ ಊರಿಗೇ ಮರಳಿದ ಮಹಾನಂದಾ ಹದಿನೈದು ವರ್ಷ ಮೋಟಾರು ರಿಪೇರಿ ಮಾಡಿದಳು. ಆ ನಡುವೆ ಅವಳ ಕಣ್ಣು ಊರ ಪಡುವಣದ ಖಣಿಗಳ ಮೇಲೆ ಬಿತ್ತು. ಅಲ್ಲಿ ಕೆಂಪು ಗ್ರಾನೈಟು ಕೊಯ್ದು ಉಳಿದ ಚೂರು, ಪುಡಿಗಳು ಗುಡ್ಡಗಟ್ಟಲೆ ಬಿದ್ದಿದ್ದವು. ಖಣಿಯ ಕ್ರೇನು ರಿಪೇರಿ ಮಾಡುತ್ತಿದ್ದ ದಾವಲಸಾಬನನ್ನು ಜೊತೆಗೆ ಸೇರಿಸಿಕೊಂಡು ಅವಳು ಆ ಪುಡಿಯನ್ನು ಬೆಂಕಿಗೆ ಸುಡದ ದಪ್ಪ ಕಲ್ಲುಣ್ಣೆಯ ಹೊದಿಕೆಯ ಉಕ್ಕಿನ ಕಣಜಗಳಿಗೆ ತುಂಬಿದಳು. ಮಾಳಿಗೆಗಳ ಸೌರ ಫಲಕ ಮತ್ತು ಗುಡ್ಡದ ಮೇಲಿನ ಐದು ಗಾಳಿಯಂತ್ರಗಳಿಂದ ಹೆಚ್ಚಾದ ಕರೆಂಟು ಆ ಕಲ್ಲನ್ನು ಕೆಂಡದಂತೆ ಕಾಯಿಸುತ್ತಿತ್ತು. ಕಾದ ಕಲ್ಲು ಹೊಳೆಯುತ್ತದೆ; ಆ ಹೊಳಪನ್ನು ಕುಡಿದು ಮತ್ತೆ ಕರೆಂಟು ಮಾಡಿಕೊಡುವ ತೆಳ್ಳನೆಯ ಪಟ್ಟಿಯೊಂದನ್ನು ಅವರಿಬ್ಬರೂ ಏಳು ವರ್ಷ ಕೈ ಸುಟ್ಟುಕೊಂಡು ಸಾಧಿಸಿದರು. ಓಣಿಯ ಹೆಂಗಸರಿಗೆ ಮಹಾನಂದಾ ಇದನ್ನು ಹೇಳಿದ್ದು ಬೇರೆ ರೀತಿ: ರೊಟ್ಟಿ ಮುಗಿದು ಒಲೆ ಆರಿಸಿದ ಮೇಲೂ ಹಂಚು ಸುಡುತ್ತಿರುತ್ತದಲ್ಲ, ಹಾಗೆ. ಮೋಡ ಬಂದು ಬಿಸಿಲು ಹೋದರೂ, ಗಾಳಿ ಬಿದ್ದರೂ, ಮಗ್ಗ ಕುಂಟಬಾರದು, ಎಳೆ ಹರಿಯಬಾರದು. ಹಂಚಿನ ಬಿಸಿ ಆ ಹೊತ್ತಿಗೆ.

ಯಂತ್ರ ಸಿದ್ಧವಾಯಿತು. ಕಷ್ಟ ಶುರುವಾದದ್ದು ಆಮೇಲೆ.

ಕರೆಂಟಿನ ತಂತಿ ಸಾರ್ವಜನಿಕ ರಸ್ತೆಯನ್ನು ದಾಟಬೇಕಾದರೆ ದಿಲ್ಲಿಯ ವಿದ್ಯುತ್ ಸಮತೋಲ ಪ್ರಾಧಿಕಾರದ ಪರವಾನಗಿ ಬೇಕು. ಪರವಾನಗಿಗೆ, ಕರೆಂಟಿಗೆ ಸಾಕಷ್ಟು ಗಿರಾಕಿಗಳಿದ್ದಾರೆಂದು ತೋರಿಸುವ ಮೂವತ್ತು ದಿನಗಳ ಪರೀಕ್ಷೆ. ಪರೀಕ್ಷೆಯ ಮೂವತ್ತು ದಿನ ಮಾತ್ರ ತಂತಿ ದಾಟಿಸಲು ತಾತ್ಕಾಲಿಕ ಒಪ್ಪಿಗೆ, ಜೊತೆಗೆ ಮೊಹರು ಹಾಕಿದ ಒಂದು ಕಬ್ಬಿಣದ ಪೆಟ್ಟಿಗೆ. ಬೆಳಗಿನ ಒಂಬತ್ತರಿಂದ ಸಂಜೆ ಐದರವರೆಗೆ ಜನರ ಬಳಕೆ ಎಪ್ಪತ್ತು ಕಿಲೋವ್ಯಾಟಿಗಿಂತ ಕೆಳಗೆ ಸತತ ಹತ್ತು ನಿಮಿಷ ಉಳಿದರೆ ಪೆಟ್ಟಿಗೆ ತಾನಾಗಿಯೇ ತಂತಿ ಕಡಿದು, ನಪಾಸು ಎಂದು ದಿಲ್ಲಿಗೆ ತಿಳಿಸುತ್ತದೆ. ಕಣಜಗಳಿರುವ ಯಂತ್ರಶಾಲೆಯೊಳಗೆ ತಾವೇ ಉರಿಸಿದ್ದು ಲೆಕ್ಕಕ್ಕಿಲ್ಲ, ಗಿರಾಕಿಗಳ ಮನೆಯಲ್ಲೇ ಉರಿಯಬೇಕು. ನೂರಾ ಅರವತ್ತು ಮಗ್ಗ ತಿರುಗಿದರೆ ನೂರಾ ನಲವತ್ತು ದಾಟುತ್ತಿತ್ತು. ಎಪ್ಪತ್ತು ಯಾವ ದೊಡ್ಡ ಮಾತು?

ದೊಡ್ಡ ಮಾತಾದದ್ದು ಅಮಾವಾಸ್ಯೆಯಿಂದ. ನೇಕಾರರು ಅಮಾವಾಸ್ಯೆಯಂದು ಮಗ್ಗ ಮುಟ್ಟುವುದಿಲ್ಲ. ಮಗ್ಗಕ್ಕೆ ಪೂಜೆ, ಮನೆಯಲ್ಲಿ ಹೋಳಿಗೆ, ಮೈಗೆ ವಿಶ್ರಾಂತಿ. ಚಾಂದ್ರಮಾಸಕ್ಕೆ ಇಪ್ಪತ್ತೊಂಬತ್ತೂವರೆ ದಿನ. ಯಾವ ಮೂವತ್ತು ದಿನ ಆರಿಸಿಕೊಂಡರೂ ಒಂದು ಅಮಾವಾಸ್ಯೆ ನಡುವೆ ಬಂದು ಕೂರುತ್ತದೆ. ಎರಡು ವರ್ಷದ ಹಿಂದೆ ಮೊದಲ ಪರೀಕ್ಷೆ ಹಾಗೆಯೇ ಹೋಯಿತು. ನೇಕಾರರ ಮನೆಯಲ್ಲಿ ಹುಟ್ಟಿ ಇದನ್ನು ಮರೆತೆನಲ್ಲ ಎಂದು ಮಹಾನಂದಾ ಹಣೆ ಚಚ್ಚಿಕೊಂಡಳು. ಅವಳು ಬಿಸಿಲಿನ ಲೆಕ್ಕ ಹಾಕಿದ್ದಳು, ಗಾಳಿಯ ಲೆಕ್ಕ ಹಾಕಿದ್ದಳು, ಚಂದ್ರನನ್ನು ಬಿಟ್ಟಿದ್ದಳು. ಆ ಒಂದು ದಿನವನ್ನು ಕೈಬಿಡಿ, ಇಲ್ಲವೇ ಪರೀಕ್ಷೆಯನ್ನು ಇಪ್ಪತ್ತೆಂಟು ದಿನಕ್ಕೆ ಇಳಿಸಿ ಎಂದು ಬರೆದಳು. ಏಳು ತಿಂಗಳ ಮೇಲೆ ಉತ್ತರ ಬಂತು. ನಿಯಮದಲ್ಲಿ ಅವಕಾಶವಿಲ್ಲ, ಮಾಹಿತಿಗಾಗಿ ರಾಷ್ಟ್ರೀಯ ರಜಾದಿನಗಳ ಪಟ್ಟಿ ಲಗತ್ತಿಸಿದೆ. ಪಟ್ಟಿಯಲ್ಲಿ ಅಮಾವಾಸ್ಯೆ ಇರಲಿಲ್ಲ.

ಎರಡನೆಯ ಪರೀಕ್ಷೆ ಮಾಘದಲ್ಲಿ ಸಿಕ್ಕಿತು. ಇದೂ ಹೋದರೆ ಮೂರನೆಯದಕ್ಕೆ ಹದಿನೆಂಟು ತಿಂಗಳು ಕಾಯಬೇಕು. ಕಾಶವ್ವ ಯುಗಾದಿಯ ದಿನ ಹುಟ್ಟಿದವಳು. ಬರುವ ಯುಗಾದಿಗೆ ಅವಳಿಗೆ ಅರವತ್ತು.

ಪರೀಕ್ಷೆ ಶುರುವಾದ ಮೊದಲ ವಾರ ಓಣಿಯ ಚಹರೆಯೇ ಬದಲಾಯಿತು. ಹಗಲು ಹತ್ತಕ್ಕೆ ಮಗ್ಗದ ಸದ್ದು ಕೇಳಿ ದಾರಿಹೋಕರು ನಿಂತು ನೋಡಿದರು. ಕಾಶವ್ವ ಸೀರೆಯ ಅಂಚನ್ನು ಬಾಗಿಲ ಬೆಳಕಿಗೆ ಹಿಡಿದು, ಇಷ್ಟು ವರ್ಷ ನಾನು ನೇಯುತ್ತಿದ್ದ ಕೆಂಪು ಇದೇನಾ ಎಂದು ಕೇಳಿದಳು. ರಾತ್ರಿಯ ಬಲ್ಬಿನಡಿ ಅದು ಅವಳಿಗೆ ಸದಾ ಕಂದಾಗಿಯೇ ಕಂಡಿತ್ತು. ಅಕ್ಕನ ಕಣ್ಣ ಕೆಳಗಿನ ಕಪ್ಪು ತಿಳಿಯಾದಂತೆ ಮಹಾನಂದಾಳಿಗೆ ತೋರಿತು. ಒಂದು ವಾರದಲ್ಲಿ ಹಾಗಾಗುವುದುಂಟೇ ಎಂದು ತನ್ನನ್ನೇ ಬೈದುಕೊಂಡಳು.

ಅಮಾವಾಸ್ಯೆ ಇಪ್ಪತ್ತನಾಲ್ಕನೆಯ ದಿನಕ್ಕಿತ್ತು. ಅದಕ್ಕೆ ಒಂದು ವಾರ ಮೊದಲು ಅವಳು ಓಣಿಯ ಹಿರಿಯರನ್ನು ಕೂಡಿಸಿ, ಅರ್ಧ ಮಗ್ಗಗಳಾದರೂ ಆ ಒಂದು ದಿನ ನಡೆಯಲಿ ಎಂದು ಕೈಮುಗಿದಳು. ಹಿರಿಯ ನೇಕಾರ ಮುರಿಗೆಪ್ಪ ಎಲೆ ಅಡಿಕೆ ಉಗುಳಿ ಬಂದು ಕೂತ.

"ಎತ್ತಿಗೆ ಸೋಮವಾರ ಐತಿ, ಮಗ್ಗಕ್ಕ ಅಮಾಸಿ ಐತಿ, ದಿಲ್ಲಿಯವ್ರಿಗೆ ರವಿವಾರ ಐತಿ" ಎಂದ ಅವನು. "ಅವರ ರವಿವಾರ ನಾವು ಯಾವತ್ತರೆ ಕೇಳೇವೇನು ತಂಗಿ?"

ಅಕ್ಕನಾದರೂ ತನ್ನ ಪರ ನಿಲ್ಲುತ್ತಾಳೆಂದು ಮಹಾನಂದಾ ಅವಳತ್ತ ತಿರುಗಿದಳು. ಕಾಶವ್ವ ಎಲ್ಲರಿಗಿಂತ ಗಟ್ಟಿಯಾಗಿದ್ದಳು.

"ನಲವತ್ತು ವರ್ಷದಾಗ ತಿಂಗಳಿಗೊಂದು ದಿನಾ ನಾ ಹೊಟ್ಟಿತುಂಬ ನಿದ್ದಿ ಮಾಡೇನಿ. ನನಗ ನಿದ್ದಿ ಕೊಡಾಕಂತ ಆ ನಿದ್ದೀನ ಬೇಡಾಕ ಬಂದೀಯಲ್ಲ, ಇದ್ಯಾವ ನ್ಯಾಯ ಬೇ?"

ಮಹಾನಂದಾಳಿಗೆ ಸಿಟ್ಟು ಬಂತು, ಯಾರ ಮೇಲೆಂದು ತಿಳಿಯದ ಸಿಟ್ಟು.

ಮರುದಿನ ಬೆಳಿಗ್ಗೆ ಒಂದು ಕೈಯಲ್ಲಿ ಎರಡನೆಯ ತರಗತಿಯ ಮಗಳು ಸಂಪದಾಳ ಜಡೆ, ಇನ್ನೊಂದು ಕೈಯಲ್ಲಿ ಯಂತ್ರಶಾಲೆಯ ಅಂಕಿ ತೋರಿಸುವ ಮೊಬೈಲು ಹಿಡಿದು ಕೂತಿದ್ದಳು. ಗಂಡ ಬಸ್ಸಿನ ಕಂಡಕ್ಟರು. ಮೂರು ದಿನಕ್ಕೊಮ್ಮೆ ಮನೆಗೆ ಬರುವವನು. ಜಡೆ ಒಂದು ಕಡೆಗೆ ವಾಲಿತ್ತು. ಇವತ್ತೂ ಸೊಟ್ಟಗೇ ಹಾಕಿದಿ ಎಂದು ಮಗಳು ಮುಖ ಉಬ್ಬಿಸಿದಳು. ಅಷ್ಟರಲ್ಲಿ ಹಾಲು ಉಕ್ಕಿತು. ಮಹಾನಂದಾ ಹಾರಿ ಹೋಗಿ ಕರೆಂಟಿನ ಒಲೆ ಆರಿಸಿದಳು. ಮೊಬೈಲಿನ ಅಂಕಿ ಎರಡು ಇಳಿಯಿತು. ಅವಳು ಒಲೆಯನ್ನು ಮತ್ತೆ ಹೊತ್ತಿಸಿದಳು. ಎರಡು ಏರಿತು. ಆರಿಸಿದಳು, ಹೊತ್ತಿಸಿದಳು. ಅರೆ ಜಡೆಯ ಮಗಳು ತಾಯಿಗೆ ಏನಾಯಿತೆಂದು ನೋಡುತ್ತ ನಿಂತಳು.

ಒಂದು ಒಲೆಗೆ ಎರಡು ಕಿಲೋವ್ಯಾಟು. ಗ್ಯಾಸು ತುಟ್ಟಿಯಾದಾಗಿನಿಂದ ಓಣಿಯ ಪ್ರತಿ ಮನೆಯಲ್ಲೂ ಅಂಥ ಒಲೆ ಇತ್ತು. ನಲವತ್ತು ಒಲೆ ಒಟ್ಟಿಗೆ ಉರಿದರೆ ಎಂಬತ್ತು. ನೂರಾ ಅರವತ್ತು ಮನೆಗಳನ್ನು ನಾಲ್ಕು ಪಾಳಿ ಮಾಡಿ, ಪಾಳಿಗೆ ಎರಡು ತಾಸಿನಂತೆ ಹಬ್ಬದಡುಗೆ ಮಾಡಿಸಿದರೆ ಒಂಬತ್ತರಿಂದ ಐದು ದಾಟುತ್ತದೆ. ಮಗ್ಗ ಮುಟ್ಟುವುದು ಬೇಡ, ಯಾರ ನಿದ್ದೆಯೂ ಕೆಡುವುದು ಬೇಡ.

ಈ ಮಾತಿಗೆ ಓಣಿ ಒಪ್ಪಿತು. ಒಪ್ಪಿತೆಂದರೆ ಜಗಳವಾಡಿ ಒಪ್ಪಿತು. ನಾಲ್ಕನೆಯ ಪಾಳಿ ಯಾರಿಗೂ ಬೇಡ. ಕೊನೆಗೆ ಚೀಟಿ ಎತ್ತಿದರು. ಮೂರು ಗಂಟೆಯ ಪಾಳಿ ಬಿದ್ದ ಸಂಗವ್ವ, "ಅಷ್ಟೊತ್ತನಕ ನಮ್ಮ ಮನಿಯವ್ರು ಏನ್ ನೂಲು ತಿನ್ನಬೇಕೇನು?" ಎಂದು ಕೇಳಿ ಎಲ್ಲರನ್ನೂ ನಗಿಸಿದಳು. ಮಹಾನಂದಾಳೂ ನಕ್ಕಳು. ಆ ಪ್ರಶ್ನೆಗೆ ಓಣಿಯ ಬಳಿ ಉತ್ತರ ಇದ್ದೇ ಇದೆ ಎಂಬುದು ಅವಳಿಗೆ ಆಗ ತೋಚಲಿಲ್ಲ.

ಅಮಾವಾಸ್ಯೆಯ ದಿನ ಅವಳೂ ದಾವಲಸಾಬನೂ ಎಂಟೂವರೆಗೇ ಯಂತ್ರಶಾಲೆಯಲ್ಲಿ ಕೂತರು. ಮೂಡಣ ಸಾಲಿನ ಕೊನೆಯ ಮನೆಗೆ ಅಂಟಿಕೊಂಡ ಹಳೆಯ ಕಲ್ಲುಕೊಯ್ಯುವ ಶೆಡ್ಡು ಅದು. ಗೋಡೆಯ ಪರದೆಯ ಮೇಲೆ ಒಂದೇ ಅಂಕಿ ದೊಡ್ಡದಾಗಿ ಕಾಣುವಂತೆ ದಾವಲಸಾಬ ಮಾಡಿದ್ದ. ಒಂಬತ್ತಕ್ಕೆ ಅದು ಎಂಬತ್ತನಾಲ್ಕು ತೋರಿತು. ಬೇಳೆ ಬೇಯುವ ವಾಸನೆ ಓಣಿಯುದ್ದಕ್ಕೂ ಹರಡಿತು. ಹನ್ನೊಂದಕ್ಕೆ ಒಂದನೆಯ ಪಾಳಿ ಆರಿ ಎರಡನೆಯದು ಹೊತ್ತುವಾಗ ಅಂಕಿ ಅರವತ್ತೆಂಟಕ್ಕೆ ಇಳಿದು, ಎರಡೇ ನಿಮಿಷದಲ್ಲಿ ತೊಂಬತ್ತಕ್ಕೆ ಹಾರಿತು. ದಾವಲಸಾಬ ನೆಮ್ಮದಿಯಿಂದ ಚಹಾ ಬಗ್ಗಿಸಿದ. ದೇಶ ನಡೆಸುವವರಿಗೆ ಹೋಳಿಗೆ ಮಾಡಲು ಬರಬೇಕಾಗಿತ್ತು ಎಂದ. ಒಂದು ಗಂಟೆಗೆ ಮೂರನೆಯ ಪಾಳಿಯೂ ಸರಿಯಾಗಿ ಹತ್ತಿಕೊಂಡಿತು.

ಮೂರಕ್ಕೆ ನಾಲ್ಕನೆಯ ಪಾಳಿ ಹೊತ್ತಿತು. ಎಂಬತ್ತೆರಡು. ಮೂರೂವರೆಗೆ ಎಪ್ಪತ್ತೆಂಟು. ಮೂರು ಐವತ್ತಕ್ಕೆ ಎಪ್ಪತ್ತೊಂದು. ನಾಲ್ಕಕ್ಕೆ ಅರವತ್ತು, ಪೆಟ್ಟಿಗೆಯ ಮೇಲಿನ ಹಸಿರು ದೀಪ ಹಳದಿಯಾಯಿತು, ಹತ್ತು ನಿಮಿಷದ ಎಣಿಕೆ ಶುರುವಾಯಿತು.

ಮಹಾನಂದಾ ಚಪ್ಪಲಿ ಮೆಟ್ಟದೆ ಓಡಿದಳು. ಮೊದಲು ಸಂಗವ್ವನ ಮನೆ. ಸಂಗವ್ವ ಒಲೆ ಆರಿಸಿ, ಒರೆಸಿ, ಅದರ ಮೇಲೆ ಅರಿಷಿಣ ಕುಂಕುಮ ಇಟ್ಟಿದ್ದಳು. ಪಕ್ಕದಲ್ಲಿ ಹೋಳಿಗೆಯ ಗುಡ್ಡ. ಇಷ್ಟು ಬೇಗ ಹೇಗೆ ಮುಗಿಯಿತೆಂದು ಕೇಳಿದರೆ ಅವಳು ತಾಟುಗಳನ್ನು ತೋರಿಸಿದಳು. ಬೆಳಗಿನಿಂದ ಅಕ್ಕಪಕ್ಕದ, ಎದುರು ಸಾಲಿನ, ಮೂರೂ ಪಾಳಿಯ ಮನೆಗಳವರು ಪಾಪ ಇವರ ಒಲೆ ಮೂರಕ್ಕೆ ಹತ್ತುತ್ತದೆಂದು ಹೋಳಿಗೆ, ಕಟ್ಟಿನ ಸಾರು, ಚಿತ್ರಾನ್ನ ಕಳಿಸುತ್ತಲೇ ಇದ್ದರು. ಹಬ್ಬದ ದಿನ ನೆರೆಮನೆಗೆ ತಾಟು ಕಳಿಸದೆ ಓಣಿಯಲ್ಲಿ ಯಾರೂ ಉಣ್ಣುವುದಿಲ್ಲ. ನಾಲ್ಕನೆಯ ಪಾಳಿಗೆ ದೇವರ ಎಡೆಗೆ ಬೇಕಾದಷ್ಟು ಬಿಟ್ಟರೆ ಮಾಡುವ ಅಡುಗೆಯೇ ಉಳಿದಿರಲಿಲ್ಲ.

"ಒಲಿ ಹಚ್ಚು ಸಂಗವ್ವಾ, ಏನರೆ ಇಡು."

"ಖಾಲಿ ಒಲಿ ಉರಸಬಾರದವಾ, ಮನಿಗೆ ಒಳ್ಳೇದಲ್ಲ."

"ನೀರು ಇಡು."

ನೀರು. ನಲ್ಲಿ ಬಂದು ಏಳು ದಿನವಾಗಿತ್ತು, ನಾಳೆ ಬರಬೇಕು. ಹಂಡೆಯ ತಳದ ಒಂದು ಕೊಡ ನೀರನ್ನು ಸುಮ್ಮನೆ ಕುದಿಸಿ ಆವಿ ಮಾಡುವುದೇ? ಸಂಗವ್ವ ಮಹಾನಂದಾಳ ಮುಖ ನೋಡಿ ನೀರಿಟ್ಟಳು. ಆದರೆ ಹೀಗೆ ಒಂದೊಂದು ಮನೆಗೂ ಹೇಳಬೇಕಿತ್ತು, ಒಂದೊಂದು ಮನೆಯಲ್ಲೂ ಇದೇ ಮಾತು. ಜನ್ಮವೆಲ್ಲ ಉಳಿಸಿ ಉಳಿಸಿ ಬದುಕಿದವರಿಗೆ ಸುಮ್ಮನೆ ಉರಿಸಿ ಎಂದರೆ ಕೈ ಬರುತ್ತಿರಲಿಲ್ಲ.

ಫೋನಿನಲ್ಲಿ ದಾವಲಸಾಬ ಎಣಿಸುತ್ತಿದ್ದ. ಐದು ನಿಮಿಷ, ಅರವತ್ತೆರಡು. ಆರು ನಿಮಿಷ, ಅರವತ್ತನಾಲ್ಕು. ಏಳೆಂಟು ಮಗ್ಗ ತಿರುಗಿದರೂ ಸಾಕು ಎಂದ. ಅವಳು ಆಗ ಕಾಶವ್ವನ ಬಾಗಿಲ ಮುಂದಿದ್ದಳು. ಒಳಗೆ ಮಗ್ಗದ ಪಕ್ಕದ ಹಾಸುಗಲ್ಲಿನ ಮೇಲೆ, ಸೆರಗನ್ನು ತಲೆಯಡಿ ಮಡಿಸಿಕೊಂಡು ಕಾಶವ್ವ ಮಲಗಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು. ಅವಳನ್ನು ಎಬ್ಬಿಸಿದರೆ ಬಯ್ದಾದರೂ ಮಗ್ಗ ಹಾಕುತ್ತಾಳೆ, ಅವಳು ಹಾಕಿದರೆ ಆ ಸಾಲಿನ ಹತ್ತು ಮಂದಿ ಹಾಕುತ್ತಾರೆ ಎಂಬುದು ಮಹಾನಂದಾಳಿಗೆ ಗೊತ್ತಿತ್ತು. ಹೊಸಿಲ ಮೇಲೆ ಕಾಲಿಟ್ಟವಳು ಕಾಲು ಹಿಂದೆ ತೆಗೆದು ಮುಂದಿನ ಮನೆಗೆ ಓಡಿದಳು.

ಎಂಟು ನಿಮಿಷ, ಅರವತ್ತಾರು. ಒಂಬತ್ತು ನಿಮಿಷ, ಅರವತ್ತೆಂಟು. ಮುರಿಗೆಪ್ಪ ತನ್ನ ಮನೆಯ ಕುಡಿಯುವ ನೀರನ್ನೇ ಒಲೆಗೆ ಹತ್ತಿಸಿ, ಹೊರಗೆ ಬಂದು ಒಲಿ ಹಚ್ಚರೋ ಎಂದು ಸಾಲಿನುದ್ದಕ್ಕೂ ಕೂಗುತ್ತಿದ್ದ.

"ಅರವತ್ತೊಂಬತ್ತು" ಎಂದ ದಾವಲಸಾಬ. ಹತ್ತು ನಿಮಿಷ ತುಂಬಿತು. ಓಣಿಯ ಒಲೆಗಳೆಲ್ಲ ಒಂದೇ ಸಲಕ್ಕೆ ಆರಿದವು.

ಯಂತ್ರಶಾಲೆಯಲ್ಲಿ ಕಲ್ಲು ಸಾವಿರದ ನೂರು ಡಿಗ್ರಿಯಲ್ಲಿ ನಿಗಿನಿಗಿ ಹೊಳೆಯುತ್ತಿತ್ತು. ಇಡೀ ಓಣಿಗೆ ಎರಡು ದಿನಕ್ಕೆ ಸಾಕಾಗುವಷ್ಟು ಕರೆಂಟು ಅದರೊಳಗಿತ್ತು. ಇಲ್ಲದ್ದಕ್ಕೆ ನಪಾಸಾದರೆ ಸಹಿಸಬಹುದು. ಇದ್ದದ್ದನ್ನು ಸಾಕಷ್ಟು ಪೋಲು ಮಾಡಲಿಲ್ಲವೆಂದು ನಪಾಸಾಗಿದ್ದರು. ದಾವಲಸಾಬ ಕಬ್ಬಿಣದ ಪೆಟ್ಟಿಗೆಗೆ ಒಂದು ಒದೆ ಕೊಟ್ಟ, ಕಾಲು ನೋಯಿಸಿಕೊಂಡು ಕೂತ. ಮಹಾನಂದಾ ಅಳಲಿಲ್ಲ. ಮಗಳನ್ನು ಶಾಲೆಯಿಂದ ಕರೆತರುವ ಹೊತ್ತು ಮೀರಿತ್ತು, ಹೋದಳು.

ಪತ್ರ ಈ ಸಲ ಮೂರೇ ದಿನದಲ್ಲಿ ಬಂತು. ಬೇಡ ಎನ್ನಲು ಪ್ರಾಧಿಕಾರಕ್ಕೆ ಸಮಯ ಹಿಡಿಯುತ್ತಿರಲಿಲ್ಲ. ರಸ್ತೆ ದಾಟುವ ತಂತಿಗಳನ್ನು ಕೂಡಲೇ ತೆಗೆಯತಕ್ಕದ್ದು; ಮರುಪರೀಕ್ಷೆಗೆ ಹದಿನೆಂಟು ತಿಂಗಳ ನಂತರ ಅರ್ಜಿ ಸಲ್ಲಿಸತಕ್ಕದ್ದು. ತಂತಿ ಇಳಿಸುತ್ತ ಏಣಿಯ ಮೇಲಿದ್ದ ದಾವಲಸಾಬ ಮನೆಗಳ ಗೋಡೆಸಾಲಿನತ್ತ ನೋಡಿದ. ಆಮೇಲೆ, ಪತ್ರದಲ್ಲಿ ರಸ್ತೆ ದಾಟಬಾರದೆಂದು ಇದೆ, ಗೋಡೆ ದಾಟಬಾರದೆಂದು ಎಲ್ಲಿದೆ ಎಂದು ಕೇಳಿದ.

ಮಹಾನಂದಾ ನಿಯಮದ ಪುಸ್ತಕವನ್ನು ಎರಡು ಸಲ ಓದಿದಳು. ಒಂದಕ್ಕೊಂದು ಅಂಟಿದ ಕಟ್ಟಡದೊಳಗೆ ಸ್ವಂತ ಬಳಕೆಗೆ ಕರೆಂಟು ಮಾಡಿಕೊಳ್ಳಲು ಯಾರನ್ನೂ ಕೇಳಬೇಕಾಗಿರಲಿಲ್ಲ. ನೇಕಾರರ ಮನೆಗಳಿಗೆ ನಡುವೆ ಸಂದಿಯಿಲ್ಲ. ಒಬ್ಬರ ಗೋಡೆಯೇ ಇನ್ನೊಬ್ಬರ ಗೋಡೆ. ಶೆಡ್ಡಿನಿಂದ ಹಿಡಿದು ಮೂಡಣ ಸಾಲಿನ ಎಂಬತ್ತನೆಯ ಮನೆಯವರೆಗೆ ಅಂಗೈಯಗಲದ ಎಂಬತ್ತು ತೂತು ಕೊರೆದರೆ ತಂತಿ ಒಮ್ಮೆಯೂ ಆಕಾಶ ನೋಡದೆ ಹೋಗುತ್ತದೆ.

ಓಣಿಯವರು ಕೇಳಲೂ ಇಲ್ಲ, ಕೊರೆದರು. ಅಣ್ಣತಮ್ಮಂದಿರ ವ್ಯಾಜ್ಯದಲ್ಲಿ ಇಪ್ಪತ್ತು ವರ್ಷ ಮಾತು ಬಿಟ್ಟಿದ್ದ ಎರಡು ಮನೆಗಳವರು ಗೋಡೆಯ ಎರಡೂ ಬದಿಯಿಂದ ಉಳಿ ಹಿಡಿದರು. ಮಾತಾಡಲಿಲ್ಲ, ಆದರೆ ತೂತು ಸರಿಯಾಗಿ ಕೂಡಿತು. ಖಣಿಯ ಕೊರೆಯುವ ಯಂತ್ರವನ್ನು ದಾವಲಸಾಬ ಹೊತ್ತುತಂದ. ಇಪ್ಪತ್ತೇ ದಿನದಲ್ಲಿ ಮೂಡಣ ಸಾಲಿನ ಎಂಬತ್ತು ಮಗ್ಗಗಳು ಹಗಲಲ್ಲಿ ತಿರುಗಿದವು. ದಿಲ್ಲಿಯಿಂದ ಬಂದ ನಿರೀಕ್ಷಕನೊಬ್ಬ ಬೀದಿಯಲ್ಲಿ ಮೇಲೆ ಕೆಳಗೆ ನೋಡಿ, ಒಂದೂ ತಂತಿ ಕಾಣದೆ, ಮೂರು ಮನೆಯ ಚಹಾ ಕುಡಿದು ಹೋದ.

ಪಡುವಣ ಸಾಲು ರಸ್ತೆಯ ಆಚೆಗಿತ್ತು. ನಡುವೆ ಹನ್ನೆರಡು ಅಡಿ ಡಾಂಬರು. ಮೇಲಿಂದ ದಾಟಿದರೂ ರಸ್ತೆ, ಕೆಳಗಿಂದ ಅಗೆದರೂ ರಸ್ತೆ. ಕಾಶವ್ವನ ಮನೆ ಪಡುವಣ ಸಾಲಿನಲ್ಲಿತ್ತು.

ಯುಗಾದಿಗೆ ನಾಲ್ಕು ದಿನ ಇರುವಾಗ ಮಹಾನಂದಾ ತನ್ನ ಮನೆಯ ಪಡಸಾಲೆ ಖಾಲಿ ಮಾಡಿದಳು. ಅವಳ ಮನೆ ಮೂಡಣ ಸಾಲಿನದು. ಮಗಳ ಹಾಸಿಗೆ ಅಡುಗೆಮನೆಗೆ ಹೋಯಿತು, ಪುಸ್ತಕದ ಪೆಟ್ಟಿಗೆ ದೇವರ ಮಾಡದ ಕೆಳಗೆ. ನಾಲ್ಕು ಜನರನ್ನು ಕರೆದುಕೊಂಡು ಅಕ್ಕನ ಮಗ್ಗ ಎತ್ತಿ ತರಲು ಹೋದಳು. ಕಾಶವ್ವ ಬಾಗಿಲಲ್ಲಿ ಕೂತು ನೂಲು ಸುತ್ತುತ್ತಿದ್ದಳು. ಬಂದವರನ್ನು ಕೂರಿಸಿ ನೀರು ಕೊಟ್ಟು ಆಮೇಲೆ ತಂಗಿಗೆ ಹೇಳಿದಳು.

"ನಮ್ಮ ಸಾಲಿನಾಗ ಎಂಬತ್ತು ಮಂದಿ ರಾತ್ರಿ ಏಳತಾರ. ನಾ ಒಬ್ಬಾಕಿನ ರಸ್ತೆ ದಾಟಿ ಹೋಗಿ ಮಲಗಲ್ಯಾ? ಮುಂಜಾನೆ ಅವರ ಮಾರಿ ಹೆಂಗ ನೋಡ್ಲಿ?"

ಮಹಾನಂದಾ ಜಗಳ ಮಾಡಿದಳು. ನಿನ್ನ ಸಲುವಾಗಿಯೇ ಇಪ್ಪತ್ತನಾಲ್ಕು ವರ್ಷ ಸುಟ್ಟುಕೊಂಡೆ, ನಿನಗೆ ಕೊಟ್ಟ ಮಾತಿಗಾಗಿ ಕಲ್ಲು ಕಾಯಿಸಿದೆ, ಎಂಬತ್ತು ಮಂದಿಗೆ ನಾನು ಮಾತು ಕೊಟ್ಟಿರಲಿಲ್ಲ ಎಂದಳು. ಅನ್ನಬಾರದ್ದನ್ನೂ ಅಂದಳು: ನಿನ್ನ ಹಟವೂ ದಿಲ್ಲಿಯ ಹಟವೂ ಒಂದೇ ಎಂದಳು. ಜೊತೆಗೆ ಬಂದಿದ್ದ ನಾಲ್ವರು ಒಬ್ಬೊಬ್ಬರಾಗಿ ಎದ್ದು ಹೋದರು. ಕಾಶವ್ವ ಎಲ್ಲವನ್ನೂ ಕೇಳಿಸಿಕೊಂಡಳು. ಕೈಯ ರಾಟೆ ನಿಲ್ಲಲಿಲ್ಲ.

"ಯಾವ ಮಾತು?" ಎಂದಳು ಕೊನೆಗೆ. ಮಹಾನಂದಾ ಹೇಳಿದಳು, ಬಾಗಲಕೋಟೆಯ ಬಸ್ಸು, ಅರವತ್ತು, ಎಲ್ಲ. ಕಾಶವ್ವನಿಗೆ ನೆನಪಾಗಲಿಲ್ಲ.

ಯುಗಾದಿ ಬಂತು. ಕಾಶವ್ವನಿಗೆ ಅರವತ್ತು ತುಂಬಿತು. ಆ ರಾತ್ರಿ ಒಂದಕ್ಕೆ ಪಡುವಣ ಸಾಲಿಗೆ ಕರೆಂಟು ಬಂತು, ಅವಳು ಎದ್ದು ಮಗ್ಗ ಹಾಕಿದಳು. ಮಹಾನಂದಾ ಕೊಟ್ಟ ಮಾತು ಉಳಿಯಲಿಲ್ಲ.